ಕ್ಲಬ್ಬಿನ ಅಗ್ರಗಣ್ಯರು ಯಾರು? ಆಸ್ಟ್ರೇಲಿಯನ್ ಫುಟ್‌ಬಾಲ್‌ನಲ್ಲಿ ಮುಗಿಯದ ಒಂದು ಚರ್ಚೆ

2005ರಲ್ಲಿ ನಾರ್ತ್ ಮೆಲ್ಬರ್ನ್ ಫುಟ್‌ಬಾಲ್ ಕ್ಲಬ್ ತನ್ನ ಇಡೀ ಇತಿಹಾಸದಿಂದ ಒಬ್ಬರನ್ನು ಆರಿಸಿ ‘ಶತಮಾನದ ಶಿನ್‌ಬೋನರ್’ ಎಂಬ ಗೌರವ ನೀಡಿತು. ಶಿನ್‌ಬೋನರ್ ಎಂಬುದು ಆ ಕ್ಲಬ್ಬಿನವರಿಗೆ ದುಡಿಯುವ ವರ್ಗದ ಹಳೆಯ ಬಡಾವಣೆಯ ಕಾಲದಿಂದ ಅಂಟಿಕೊಂಡು ಬಂದ ಹೆಸರು. ಪೆಟ್ಟು ತಿಂದರೂ ಹಿಂದೆಗೆಯದವನು ಎಂಬುದು ಅದರ ಭಾವಾರ್ಥ. ಆಟದ ಪ್ರತಿಭೆಯೊಂದನ್ನೇ ತೂಗಿದ್ದರೆ ಆ ಗೌರವ ವೇಯ್ನ್ ಕ್ಯಾರಿ ಅವರಿಗೆ ಸಲ್ಲಬೇಕಿತ್ತು. 1996 ಮತ್ತು 1999ರ ಪ್ರೀಮಿಯರ್‌ಶಿಪ್‌ಗಳನ್ನು, ಅಂದರೆ ಲೀಗಿನ ಆ ವರ್ಷಗಳ ಚಾಂಪಿಯನ್ ಪಟ್ಟಗಳನ್ನು, ನಾಯಕರಾಗಿ ಗೆದ್ದುಕೊಟ್ಟ, ಆ ದಶಕದ ಶ್ರೇಷ್ಠ ಆಟಗಾರರೆಂದು ಎದುರಾಳಿ ಕ್ಲಬ್ಬುಗಳ ಬೆಂಬಲಿಗರೂ ಒಪ್ಪುವ ಮನುಷ್ಯ ಅವರು. ಆದರೆ ಗೌರವ ಸಂದದ್ದು ಗ್ಲೆನ್ ಆರ್ಚರ್ ಅವರಿಗೆ. ಸಹ ಆಟಗಾರರೊಬ್ಬರ ಕುಟುಂಬವನ್ನು ನೋಯಿಸಿದ ಪ್ರಕರಣದ ನಂತರ ಕ್ಯಾರಿ 2002ರಲ್ಲಿ ಕ್ಲಬ್ ತೊರೆದಿದ್ದರು; ಆರ್ಚರ್ ಆಗಿನ್ನೂ ಅದೇ ಜರ್ಸಿಯಲ್ಲಿ, ತಮಗಿಂತ ಎತ್ತರದ ಎದುರಾಳಿಗಳ ನಡುವೆ ಮೈಯೊಡ್ಡಿ ಆಡುತ್ತಿದ್ದರು.

ಈ ಆಯ್ಕೆಯನ್ನು ಭಾವುಕತೆ ಎಂದು ತಳ್ಳಿಹಾಕುವವರು ಇಂದಿಗೂ ಇದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಕ್ಲಬ್ಬಿನ ‘ಶ್ರೇಷ್ಠ ಆಟಗಾರ’ ಮತ್ತು ಕ್ಲಬ್ಬಿನ ‘ಅಗ್ರಗಣ್ಯ ವ್ಯಕ್ತಿ’ ಎಂಬ ಎರಡು ಪ್ರಶ್ನೆಗಳು ಒಂದೇ ಅಲ್ಲ. ಎರಡನ್ನೂ ಒಂದಾಗಿಸಿ ವಾದಿಸುವುದರಿಂದಲೇ ಈ ಚರ್ಚೆಗಳು ಅಂಕಿಅಂಶಗಳ ಕೆಸರಿನಲ್ಲಿ ಹೂತುಹೋಗುತ್ತವೆ.

ಇದನ್ನು ಬಿಡಿಸಿ ನೋಡುವ ಮೊದಲು ಆ ಆಟದ ಸ್ವರೂಪವನ್ನು ಸ್ವಲ್ಪ ತಿಳಿಯಬೇಕು. ನಮಗೆ ಬಾಕ್ಸಿಂಗ್ ಡೇ ಟೆಸ್ಟ್‌ನಿಂದ ಪರಿಚಿತವಾದ ಎಂಸಿಜಿ ಮೈದಾನದ ಸುತ್ತಮುತ್ತಲೇ ಈ ಫುಟ್‌ಬಾಲ್ ಹುಟ್ಟಿತು. ಚಳಿಗಾಲದಲ್ಲಿ ಕ್ರಿಕೆಟಿಗರ ಮೈ ಜಡ್ಡುಗಟ್ಟದಿರಲು ಫುಟ್‌ಬಾಲ್ ಕ್ಲಬ್ ಒಂದನ್ನು ಕಟ್ಟಬೇಕೆಂದು ಕ್ರಿಕೆಟಿಗ ಟಾಮ್ ವಿಲ್ಸ್ 1858ರಲ್ಲಿ ಪತ್ರಿಕೆಯೊಂದಕ್ಕೆ ಪತ್ರ ಬರೆದರು; ಮರುವರ್ಷ ಮೆಲ್ಬರ್ನ್ ಕ್ಲಬ್ಬಿನ ಕೆಲವರು ಕೂತು ನಿಯಮಗಳನ್ನು ಬರೆದಿಟ್ಟರು. 1897ರಲ್ಲಿ ವಿಕ್ಟೋರಿಯನ್ ಫುಟ್‌ಬಾಲ್ ಲೀಗ್, ಅಂದರೆ ವಿಎಫ್‌ಎಲ್, ಆರಂಭವಾಯಿತು. ಕಾಲಿಂಗ್‌ವುಡ್, ಕಾರ್ಲ್‌ಟನ್, ರಿಚ್ಮಂಡ್, ಎಸೆಂಡನ್ ಎಂಬ ಕ್ಲಬ್ಬುಗಳ ಹೆಸರುಗಳೆಲ್ಲ ಮೆಲ್ಬರ್ನ್‌ನ ಬಡಾವಣೆಗಳ ಹೆಸರುಗಳೇ. ದೇಶದ ಇತರ ನಗರಗಳಿಗೂ ಹಬ್ಬಿದ ಮೇಲೆ 1990ರಲ್ಲಿ ಲೀಗ್ ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗ್, ಅಂದರೆ ಎಎಫ್‌ಎಲ್, ಎಂದು ಹೆಸರು ಬದಲಿಸಿಕೊಂಡಿತು.

ಕ್ರಿಕೆಟ್ ನೋಡಿ ಬೆಳೆದ ನಮಗೆ ಇಲ್ಲೊಂದು ವ್ಯತ್ಯಾಸ ಕಣ್ಣಿಗೆ ಬೀಳಬೇಕು. ಕ್ರಿಕೆಟಿಗನೊಬ್ಬನನ್ನು ಕೊನೆಗೆ ಅಳೆಯುವುದು ದೇಶದ ಪರವಾಗಿ ಅವನು ಆಡಿದ ಆಟದಿಂದ. ಆಸ್ಟ್ರೇಲಿಯನ್ ಫುಟ್‌ಬಾಲ್‌ಗೆ ಅಂಥ ಅಂತರರಾಷ್ಟ್ರೀಯ ವೇದಿಕೆ ಇಲ್ಲ. ರಾಜ್ಯಗಳ ನಡುವಿನ ಪಂದ್ಯಗಳೂ 1999ರ ನಂತರ ಬಹುಮಟ್ಟಿಗೆ ನಿಂತುಹೋದವು. ಹಾಗಾಗಿ ಕ್ಲಬ್ಬಿಗಿಂತ ಮೇಲಿನ ಮೆಟ್ಟಿಲೇ ಆ ಆಟದಲ್ಲಿಲ್ಲ. ಒಬ್ಬ ಆಟಗಾರನ ನೆನಪು, ಒಂದು ಬಡಾವಣೆಯ ಸ್ವಾಭಿಮಾನ, ಮೂರು ತಲೆಮಾರುಗಳ ಕುಟುಂಬನಿಷ್ಠೆ ಎಲ್ಲವನ್ನೂ ಕ್ಲಬ್ಬಿನ ಇತಿಹಾಸವೇ ಹೊರಬೇಕು. ಅಗ್ರಗಣ್ಯರು ಯಾರು ಎಂಬ ಪ್ರಶ್ನೆಗೆ ಅಲ್ಲಿ ಅಷ್ಟು ಬಿಸಿ ಇರುವುದು ಇದರಿಂದಲೇ.

ಸಾಮಾನ್ಯವಾಗಿ ಮುಂದಿಡುವ ಅಳತೆಗೋಲುಗಳು ನಾಲ್ಕು: ಗೆದ್ದ ಪ್ರೀಮಿಯರ್‌ಶಿಪ್, ಆಡಿದ ಪಂದ್ಯ, ಹೊಡೆದ ಗೋಲು, ಪಡೆದ ಬ್ರೌನ್‌ಲೋ ಪದಕ. ನಾಲ್ಕೂ ತಮ್ಮ ತಮ್ಮ ಕಾಲಕ್ಕೆ ಬದ್ಧವಾದವು. ಪಂದ್ಯಗಳ ಲೆಕ್ಕವನ್ನೇ ನೋಡಿ. ಹಿಂದೆ ಒಂದು ಋತುವಿನಲ್ಲಿ ಇದ್ದ ಸುತ್ತುಗಳು ಇಂದಿಗಿಂತ ಕಡಿಮೆ, ಗಾಯಗೊಂಡ ಮಂಡಿಯನ್ನು ಸರಿಪಡಿಸುವ ವೈದ್ಯವೂ ಆಗ ಇರಲಿಲ್ಲ. ಪ್ರೀಮಿಯರ್‌ಶಿಪ್‌ಗಳ ಮಾತಿಗೆ ಬಂದರೆ, 1980ರ ದಶಕದಲ್ಲಿ ಬಂದ ವೇತನ ಮಿತಿ ಮತ್ತು ಡ್ರಾಫ್ಟ್ (ಕೆಳಗಿನ ಸ್ಥಾನದ ತಂಡಕ್ಕೆ ಹೊಸ ಆಟಗಾರರನ್ನು ಮೊದಲು ಆರಿಸುವ ಅವಕಾಶ) ಪದ್ಧತಿಗಳು ಗೆದ್ದ ತಂಡವನ್ನು ಕೆಳಕ್ಕೆಳೆದು ಸೋತ ತಂಡವನ್ನು ಮೇಲೆತ್ತುವುದಕ್ಕೆಂದೇ ರೂಪಿಸಿದವು. ಅದಕ್ಕೆ ಮೊದಲಿನ ಗೆಲುವನ್ನೂ ನಂತರದ ಗೆಲುವನ್ನೂ ಒಂದೇ ತಕ್ಕಡಿಯಲ್ಲಿಡುವುದು ಕಷ್ಟ. ಬ್ರೌನ್‌ಲೋ ಪದಕವಂತೂ 1924ರಿಂದ ಅಂಪೈರ್‌ಗಳ ಮತಗಳಿಂದ ನಿರ್ಧಾರವಾಗುವ, ‘ಉತ್ತಮ ಹಾಗೂ ನ್ಯಾಯವಾಗಿ ಆಡಿದ’ ಆಟಗಾರನಿಗೆ ಕೊಡುವ ಗೌರವ. ಆ ಋತುವಿನಲ್ಲಿ ಅಮಾನತುಗೊಂಡವರಿಗೆ ಅದು ಸಿಗುವುದಿಲ್ಲ. 1997ರಲ್ಲಿ ಅತಿ ಹೆಚ್ಚು ಮತ ಪಡೆದಿದ್ದ ಬುಲ್‌ಡಾಗ್ಸ್‌ನ ಕ್ರಿಸ್ ಗ್ರ್ಯಾಂಟ್ ಒಂದು ಪಂದ್ಯದ ಅಮಾನತಿನಿಂದಾಗಿ ಪದಕ ಕಳೆದುಕೊಂಡರು. ಹಾಥಾರ್ನ್‌ನ ಲೀ ಮ್ಯಾಥ್ಯೂಸ್‌ಗೂ ನಾರ್ತ್‌ನ ಕ್ಯಾರಿಗೂ ಅದು ಒಮ್ಮೆಯೂ ದಕ್ಕಲಿಲ್ಲ. ಪದಕ ಎಣಿಸಿ ತೀರ್ಪು ಕೊಡುವವರು ಇವರಿಬ್ಬರನ್ನು ಎಲ್ಲಿ ಕೂರಿಸುತ್ತಾರೆ?

ನಾನು ನೆಚ್ಚುವ ಅಳತೆಗೋಲು ಬೇರೆ. ಆ ವ್ಯಕ್ತಿಯನ್ನು ಕ್ಲಬ್ಬಿನ ಇತಿಹಾಸದಿಂದ ತೆಗೆದುಬಿಟ್ಟರೆ ಉಳಿಯುವುದು ಅದೇ ಕ್ಲಬ್ಬೇ ಎಂದು ಕೇಳಿಕೊಳ್ಳಬೇಕು. ಕೆಲವು ಗೆಲುವುಗಳು ಕಡಿಮೆಯಾಗುವುದು ಒಂದು ಮಾತು. ಕ್ಲಬ್ ತನ್ನನ್ನು ತಾನು ಗುರುತಿಸಿಕೊಳ್ಳುವ ಬಗೆಯೇ ಬದಲಾಗುವುದು ಇನ್ನೊಂದು ಮಾತು.

ಎಸೆಂಡನ್ ಕ್ಲಬ್ಬನ್ನು ತೆಗೆದುಕೊಳ್ಳೋಣ. ಜಾನ್ ಕೋಲ್ಮನ್ 1949ರ ತಮ್ಮ ಮೊದಲ ಪಂದ್ಯದಲ್ಲೇ 12 ಗೋಲು ಹೊಡೆದರು. 1954ರಲ್ಲಿ ಮಂಡಿಗೆ ಗಾಯವಾಗಿ ಆಟ ನಿಂತಾಗ ಅವರು ಆಡಿದ್ದು ಕೇವಲ 98 ಪಂದ್ಯ, ಹೊಡೆದದ್ದು 537 ಗೋಲು. ಎದುರಾಳಿಗಳ ಬೆನ್ನ ಮೇಲಿಂದ ನೆಗೆದು ಚೆಂಡು ಹಿಡಿಯುತ್ತಿದ್ದ ಅವರನ್ನು ನೋಡಲೆಂದೇ ಜನ ಬರುತ್ತಿದ್ದರು. ಋತುವಿನ ಅತಿ ಹೆಚ್ಚು ಗೋಲುಗಾರನಿಗೆ ಇಂದು ಕೊಡುವ ಪದಕ ಅವರ ಹೆಸರಿನದು. ಅವರ ಎದುರಿಗೆ ನಿಲ್ಲುವವರು ಡಿಕ್ ರೆನಾಲ್ಡ್ಸ್: ಮೂರು ಬ್ರೌನ್‌ಲೋ ಪದಕ, 320 ಪಂದ್ಯ, 1939ರಿಂದ 1960ರವರೆಗೆ ತರಬೇತುದಾರ, ಆ ಅವಧಿಯಲ್ಲಿ ನಾಲ್ಕು ಪ್ರೀಮಿಯರ್‌ಶಿಪ್. ಪ್ರೀಮಿಯರ್‌ಶಿಪ್ ನಿರ್ಧರಿಸುವ ಪಂದ್ಯವಾದ 1951ರ ಗ್ರ್ಯಾಂಡ್ ಫೈನಲ್ ಈ ಇಬ್ಬರನ್ನೂ ಒಂದೇ ಚಿತ್ರದಲ್ಲಿ ಹಿಡಿದಿಡುತ್ತದೆ. ಎದುರಾಳಿಯೊಬ್ಬರು ಹೊಡೆದಾಗ ತಿರುಗಿ ಹೊಡೆದದ್ದಕ್ಕಾಗಿ ಕೋಲ್ಮನ್ ನಾಲ್ಕು ವಾರ ಅಮಾನತಾಗಿದ್ದರು. ಅವರಿಲ್ಲದ ತಂಡಕ್ಕೆ ಆಟದಿಂದ ನಿವೃತ್ತರಾಗಿದ್ದ ರೆನಾಲ್ಡ್ಸ್ ಮೀಸಲು ಆಟಗಾರರಾಗಿ ಮರಳಿದರು. ಎಸೆಂಡನ್ 11 ಅಂಕಗಳಿಂದ ಜೀಲಾಂಗ್‌ಗೆ ಸೋತಿತು. ಆ ದಿನ ಕೋಲ್ಮನ್ ಇದ್ದಿದ್ದರೆ ಗೆಲ್ಲುತ್ತಿತ್ತೆಂದು ಹೇಳುವವರ ಮಾತನ್ನು ಅಲ್ಲಗಳೆಯಲಾರೆ. ಆದರೆ ಆ ಹಂತಕ್ಕೆ ತಂಡವನ್ನು ತಂದು ನಿಲ್ಲಿಸಿದವರು, ತಂಡ ಬರಿದಾದಾಗ ತಾವೇ ಜರ್ಸಿ ತೊಟ್ಟು ಇಳಿದವರು ಯಾರು ಎಂಬುದನ್ನು ಮರೆಯುವಂತಿಲ್ಲ. 2002ರಲ್ಲಿ ಕ್ಲಬ್ ತನ್ನ ಶ್ರೇಷ್ಠರ ಪಟ್ಟಿ ಪ್ರಕಟಿಸಿದಾಗ ರೆನಾಲ್ಡ್ಸ್ ಮೊದಲನೆಯವರು, ಕೋಲ್ಮನ್ ಎರಡನೆಯವರು, ಆಗಿನ್ನೂ ಆಡುತ್ತಿದ್ದ ಜೇಮ್ಸ್ ಹರ್ಡ್ ಮೂರನೆಯವರು.

ಆ ಮೂರನೆಯ ಹೆಸರು ಇಂದು ಹೆಚ್ಚು ಮಾತಿಗೆ ಕಾರಣವಾಗುತ್ತದೆ. ಆಟಗಾರರಾಗಿ ಹರ್ಡ್ ಅವರ ಸ್ಥಾನವನ್ನು ಪ್ರಶ್ನಿಸುವವರು ಕಡಿಮೆ. ಆದರೆ ಅವರು ತರಬೇತುದಾರರಾಗಿದ್ದಾಗ 2012ರ ಋತುವಿನಲ್ಲಿ ನಡೆದ ಪೂರಕ ಔಷಧಗಳ ಬಳಕೆ 2013ರಲ್ಲಿ ಬಯಲಾಗಿ ಅವರನ್ನು ಹನ್ನೆರಡು ತಿಂಗಳು ಅಮಾನತುಗೊಳಿಸಲಾಯಿತು. 2016ರ ಆರಂಭದಲ್ಲಿ ಕ್ರೀಡಾ ನ್ಯಾಯಮಂಡಳಿ ಆ ಋತುವಿನ 34 ಆಟಗಾರರನ್ನು ನಿಷೇಧಿಸಿತು. ಪಟ್ಟಿ ಮಾಡಿದವರಿಗೆ 2002ರಲ್ಲಿ ಇದು ಗೊತ್ತಿರಲು ಸಾಧ್ಯವಿರಲಿಲ್ಲ. ಇನ್ನೂ ಆಡುತ್ತಿರುವವರನ್ನು, ಕ್ಲಬ್ಬಿನಲ್ಲಿ ಇನ್ನೂ ಹೊಣೆ ಹೊರಬೇಕಾದವರನ್ನು ಶಾಶ್ವತ ಪಟ್ಟಿಗಳಲ್ಲಿ ಸೇರಿಸುವ ಆತುರ ಸಲ್ಲದು ಎಂಬುದು ನನ್ನ ಅಭಿಪ್ರಾಯ.

ಕಾಲಿಂಗ್‌ವುಡ್‌ನ ವಿಷಯದಲ್ಲಿ ನನಗೆ ಹೆಚ್ಚು ಗೊಂದಲವಿಲ್ಲ. 1912ರಿಂದ 1949ರವರೆಗೆ ತಂಡವನ್ನು ತರಬೇತುಗೊಳಿಸಿ ಎಂಟು ಪ್ರೀಮಿಯರ್‌ಶಿಪ್ ಗೆದ್ದ ಜಾಕ್ ಮಕ್‌ಹೇಲ್ ಅವರನ್ನು ತೆಗೆದರೆ ಆ ಕ್ಲಬ್ಬಿನ ಅರ್ಧ ಪುರಾಣವೇ ಹೋಗುತ್ತದೆ. 1927ರಿಂದ 1930ರವರೆಗೆ ಸತತ ನಾಲ್ಕು ಪ್ರೀಮಿಯರ್‌ಶಿಪ್ ಗೆದ್ದ ಸಾಧನೆಯನ್ನು ಇಂದಿಗೂ ಯಾರೂ ಸರಿಗಟ್ಟಿಲ್ಲ. 1,299 ಗೋಲುಗಳ ಗಾರ್ಡನ್ ಕೊವೆಂಟ್ರಿ ಅವರೂ ಆ ಯಂತ್ರದ ಒಂದು ಭಾಗವೇ.

ತೆಗೆದು ನೋಡುವ ಪರೀಕ್ಷೆ ಬರಿಯ ಕಲ್ಪನೆಯಾಗದೆ ನಿಜವಾಗಿಯೇ ನಡೆದುಹೋದ ಒಂದು ಕ್ಲಬ್ ಇದೆ. ಅದು ಮೆಲ್ಬರ್ನ್. ನಾರ್ಮ್ ಸ್ಮಿತ್ ಆ ಕ್ಲಬ್ಬಿನ ಆಟಗಾರರಾಗಿ ನಾಲ್ಕು ಪ್ರೀಮಿಯರ್‌ಶಿಪ್ ಗೆದ್ದಿದ್ದರು. ತರಬೇತುದಾರರಾಗಿ 1955ರಿಂದ 1964ರ ನಡುವೆ ಇನ್ನೂ ಆರು ಗೆದ್ದುಕೊಟ್ಟರು. ಮೆಲ್ಬರ್ನ್ ಇಲ್ಲಿಯವರೆಗೆ ಗೆದ್ದಿರುವುದು ಒಟ್ಟು 13. ಅದರಲ್ಲಿ ಹತ್ತರಲ್ಲಿ ಈ ಒಬ್ಬ ಮನುಷ್ಯನ ಕೈಯಿದೆ. ಕೊನೆಯ ಗೆಲುವು ಕಂಡು ಒಂದು ವರ್ಷವೂ ಕಳೆದಿರಲಿಲ್ಲ, 1965ರ ಜುಲೈನಲ್ಲಿ ಆಡಳಿತ ಮಂಡಳಿ ಅವರನ್ನು ವಜಾ ಮಾಡಿತು. ಊರೆಲ್ಲ ಎದ್ದು ಕೂತ ಮೇಲೆ ಕೆಲವೇ ದಿನಗಳಲ್ಲಿ ಮರಳಿ ಕರೆಸಿಕೊಂಡರೂ ಒಡೆದ ಮನಸ್ಸುಗಳು ಕೂಡಲಿಲ್ಲ. ಮೆಲ್ಬರ್ನ್ ಮತ್ತೆ ಫೈನಲ್ಸ್ ಹಂತ, ಅಂದರೆ ಋತುವಿನ ಕೊನೆಗೆ ಮೇಲಿನ ಕೆಲವೇ ತಂಡಗಳು ಆಡುವ ಸುತ್ತು, ತಲುಪಿದ್ದು 1987ರಲ್ಲಿ. ಮತ್ತೊಂದು ಪ್ರೀಮಿಯರ್‌ಶಿಪ್ ಗೆದ್ದದ್ದು 2021ರಲ್ಲಿ, 57 ವರ್ಷಗಳ ನಂತರ. ಇದನ್ನು ‘ನಾರ್ಮ್ ಸ್ಮಿತ್ ಶಾಪ’ ಎಂದು ಜನ ಕರೆದರು. ಶಾಪದ ಮಾತು ಬೇಡ. ಆದರೆ ಒಬ್ಬ ವ್ಯಕ್ತಿಯೊಂದಿಗೆ ಒಂದು ಕ್ಲಬ್ಬಿನ ಅಂತಃಸತ್ವ ಎಷ್ಟು ಹೆಣೆದುಕೊಂಡಿರಬಹುದು ಎಂಬುದಕ್ಕೆ ಇದಕ್ಕಿಂತ ಬಲವಾದ ಸಾಕ್ಷಿ ನನಗೆ ಕಾಣಿಸುವುದಿಲ್ಲ.

ಈ ವಾದಕ್ಕೆ ಒಂದು ಗಟ್ಟಿ ಆಕ್ಷೇಪವಿದೆ, ಅದರ ಹೆಸರು ರಾನ್ ಬರಾಸಿ. ಅದೇ ಆರೂ ಪ್ರೀಮಿಯರ್‌ಶಿಪ್‌ಗಳಲ್ಲಿ ಆಡಿದ್ದ ಬರಾಸಿ 1964ರ ಋತು ಮುಗಿದ ಮೇಲೆ ಕಾರ್ಲ್‌ಟನ್‌ಗೆ ಹೊರಟುಹೋದರು. ಹಾಗಿರುವಾಗ ಕುಸಿತಕ್ಕೆ ಸ್ಮಿತ್ ಅವರ ವಜಾ ಕಾರಣವೋ, ಬರಾಸಿಯವರ ನಿರ್ಗಮನ ಕಾರಣವೋ ಎಂದು ಕೇಳುವುದು ನ್ಯಾಯವೇ. ಎರಡೂ ಕಾರಣ ಎಂದರೆ ತಪ್ಪಿಲ್ಲ. ಆದರೆ ಬರಾಸಿಯವರನ್ನು ರೂಪಿಸಿದ್ದೂ ಸ್ಮಿತ್ ಅವರೇ. ಬರಾಸಿಯವರ ತಂದೆ ಮೆಲ್ಬರ್ನ್ ಆಟಗಾರರಾಗಿದ್ದು 1941ರಲ್ಲಿ ಟೊಬ್ರುಕ್‌ನ ಯುದ್ಧರಂಗದಲ್ಲಿ ತೀರಿಕೊಂಡರು. ಹದಿಹರೆಯದ ಹುಡುಗ ಬೆಳೆದದ್ದು ತಂದೆಯ ಗೆಳೆಯರಾದ ಸ್ಮಿತ್ ಅವರ ಮನೆಯಲ್ಲಿ. ತಂದೆ ಆಡಿದ ಕ್ಲಬ್ಬಿಗೇ ಮಗ ಸೇರಬಹುದೆಂಬ ನಿಯಮ ಬಳಕೆಗೆ ಬಂದು ಮೆಲ್ಬರ್ನ್‌ಗೆ ದಕ್ಕಿದ ಹುಡುಗ ಅವನು. ಮುಂದೆ ಬರಾಸಿ ತರಬೇತುದಾರರಾಗಿ ಕಾರ್ಲ್‌ಟನ್‌ಗೆ 1968 ಮತ್ತು 1970ರಲ್ಲಿ, ನಾರ್ತ್ ಮೆಲ್ಬರ್ನ್‌ಗೆ 1975 ಮತ್ತು 1977ರಲ್ಲಿ ಪ್ರೀಮಿಯರ್‌ಶಿಪ್ ಗೆದ್ದುಕೊಟ್ಟರು. 1970ರ ಗ್ರ್ಯಾಂಡ್ ಫೈನಲ್‌ನಲ್ಲಿ 1,21,696 ಪ್ರೇಕ್ಷಕರ ಮುಂದೆ, ಅರ್ಧ ಆಟಕ್ಕೆ 44 ಅಂಕ ಹಿಂದಿದ್ದ ಕಾರ್ಲ್‌ಟನ್ ಕಾಲಿಂಗ್‌ವುಡ್ಡನ್ನು ಮಣಿಸಿದ್ದನ್ನು ಈ ಆಟದ ರೂಪವನ್ನೇ ಬದಲಿಸಿದ ಪಂದ್ಯವೆಂದು ನೆನೆಯುತ್ತಾರೆ. ಹೀಗಾಗಿ ಬರಾಸಿ ಮೂರು ಕ್ಲಬ್ಬುಗಳಿಗೂ ಸಲ್ಲುತ್ತಾರೆ, ಯಾವುದೊಂದಕ್ಕೂ ಪೂರ್ತಿಯಾಗಿ ಸಲ್ಲುವುದಿಲ್ಲ. ಇಡೀ ಆಟದ ಅಗ್ರಗಣ್ಯರು ಯಾರೆಂದರೆ ನಾನು ಅವರ ಹೆಸರನ್ನೇ ಹೇಳುತ್ತೇನೆ. ಮೆಲ್ಬರ್ನ್ ಕ್ಲಬ್ಬಿನ ಅಗ್ರಗಣ್ಯರು ಯಾರೆಂದರೆ ಸ್ಮಿತ್ ಎನ್ನುತ್ತೇನೆ.

ಹಾಗೆ ಹೇಳುವಾಗಲೂ ಮನಸ್ಸು ಜಿಮ್ ಸ್ಟೈನ್ಸ್ ಅವರ ಬಳಿ ಕ್ಷಣಕಾಲ ನಿಲ್ಲುತ್ತದೆ. ಬರಾಸಿ 1980ರ ದಶಕದಲ್ಲಿ ಮೆಲ್ಬರ್ನ್‌ಗೆ ತರಬೇತುದಾರರಾಗಿ ಮರಳಿದಾಗ ಐರ್ಲೆಂಡಿನಿಂದ ಎತ್ತರದ ಹುಡುಗರನ್ನು ಕರೆತಂದು ಈ ಆಟ ಕಲಿಸುವ ಪ್ರಯೋಗ ಮಾಡಿದರು. ಹಾಗೆ ಬಂದವರಲ್ಲಿ ಸ್ಟೈನ್ಸ್ ಒಬ್ಬರು. ಗ್ರ್ಯಾಂಡ್ ಫೈನಲ್‌ಗೆ ಹಿಂದಿನ ಮೆಟ್ಟಿಲಾದ 1987ರ ಪ್ರಿಲಿಮಿನರಿ ಫೈನಲ್‌ನ ಕೊನೆಯಲ್ಲಿ ಅವರು ನಿಯಮ ತಪ್ಪಿ ಎದುರಾಳಿಯ ಮುಂದೆ ಹಾದುಹೋದದ್ದರಿಂದ ಹಾಥಾರ್ನ್‌ಗೆ 15 ಮೀಟರ್ ಮುಂದೆ ಬರಲು ಅವಕಾಶವಾಗಿ, ಸೈರನ್ ಆದ ಮೇಲೆ ಹೊಡೆದ ಗೋಲಿನಿಂದ ಮೆಲ್ಬರ್ನ್ ಸೋತಿತು. ಅಂಥ ತಪ್ಪಿನ ನಂತರ ಯಾರಾದರೂ ಮುದುಡಿಹೋಗಬಹುದಿತ್ತು. ಅವರು 1991ರಲ್ಲಿ ಬ್ರೌನ್‌ಲೋ ಗೆದ್ದರು, ಸತತ 244 ಪಂದ್ಯಗಳನ್ನು ಆಡಿದರು. 2008ರಲ್ಲಿ ಸಾಲದಲ್ಲಿ ಮುಳುಗಿದ್ದ ಕ್ಲಬ್ಬಿನ ಅಧ್ಯಕ್ಷತೆ ವಹಿಸಿಕೊಂಡು, ಮರುವರ್ಷ ಕ್ಯಾನ್ಸರ್ ಇದೆಯೆಂದು ಗೊತ್ತಾದ ಮೇಲೂ ಬೆಂಬಲಿಗರಿಂದ ಹಣ ಕೂಡಿಸಿ ಆ ಸಾಲ ತೀರಿಸಿದರು. 2012ರ ಮಾರ್ಚ್‌ನಲ್ಲಿ ತೀರಿಕೊಂಡರು. ಸ್ಮಿತ್ ಇಲ್ಲದಿದ್ದರೆ ಮೆಲ್ಬರ್ನ್ ಬೇರೆಯದೇ ಕ್ಲಬ್ ಆಗಿರುತ್ತಿತ್ತು. ಸ್ಟೈನ್ಸ್ ಇಲ್ಲದಿದ್ದರೆ ಕ್ಲಬ್ ಉಳಿಯುತ್ತಿತ್ತೇ ಎಂಬ ಪ್ರಶ್ನೆ ಏಳುತ್ತದೆ. ನನ್ನ ತೀರ್ಪು ಗೆರೆಯಷ್ಟೇ ಅಂತರದ್ದು.

ಮೆಲ್ಬರ್ನ್ ಬಿಟ್ಟ ಸ್ಮಿತ್ 1969ರಲ್ಲಿ ಸೌತ್ ಮೆಲ್ಬರ್ನ್‌ಗೆ ಹೋದರು, ಮರುವರ್ಷ 1945ರ ನಂತರ ಮೊದಲ ಬಾರಿಗೆ ಆ ತಂಡವನ್ನು ಫೈನಲ್ಸ್‌ಗೆ ಒಯ್ದರು. ಬಾಬ್ ಸ್ಕಿಲ್ಟನ್ ತಮ್ಮ ಬಾಳಿನಲ್ಲಿ ಆಡಿದ ಏಕೈಕ ಫೈನಲ್ಸ್ ಪಂದ್ಯ ಅದೇ 1970ರದ್ದು. ಮೂರು ಬ್ರೌನ್‌ಲೋ ಪದಕ, ಒಂಬತ್ತು ಬಾರಿ ಕ್ಲಬ್ಬಿನ ವರ್ಷದ ಶ್ರೇಷ್ಠ ಆಟಗಾರ, ಎರಡೂ ಕಾಲುಗಳಿಂದ ಸಮಾನವಾಗಿ ಒದೆಯಬಲ್ಲ ಆ ಗಿಡ್ಡ ಆಳು 237 ಪಂದ್ಯಗಳನ್ನು ಬಹುಪಾಲು ಸೋಲುವ ತಂಡಕ್ಕಾಗಿಯೇ ಆಡಿದರು. ಗೆಲುವನ್ನೇ ಅಳತೆಗೋಲಾಗಿಸಿದರೆ ಸ್ಕಿಲ್ಟನ್ ಪಟ್ಟಿಯಲ್ಲೇ ಇರುವುದಿಲ್ಲ. ಒಂದು ಅಳತೆಗೋಲು ಇಂಥವರನ್ನು ಹೊರಗಿಡುವುದಾದರೆ ತಪ್ಪಿರುವುದು ಅಳತೆಗೋಲಿನಲ್ಲೇ.

1982ರಲ್ಲಿ ಆ ಕ್ಲಬ್ ಸಿಡ್ನಿಗೆ ಸ್ಥಳಾಂತರವಾಯಿತು. ಮನೆಯ ಮೈದಾನ ಬಿಟ್ಟು ಸುಮಾರು ಒಂಬೈನೂರು ಕಿಲೋಮೀಟರ್ ದೂರ, ಈ ಆಟದ ಗಂಧವೇ ಹೆಚ್ಚಿಲ್ಲದ ಊರಿಗೆ. ಅಲ್ಲಿ ಅದರ ಮುಖವಾದವರು ಆಡಮ್ ಗುಡ್ಸ್: 372 ಪಂದ್ಯ, 2003 ಮತ್ತು 2006ರ ಬ್ರೌನ್‌ಲೋ, 2005 ಮತ್ತು 2012ರ ಪ್ರೀಮಿಯರ್‌ಶಿಪ್. 2005ರ ಗೆಲುವು 1933ರ ನಂತರದ ಮೊದಲನೆಯದು. ಬಡಾವಣೆ ಕಳೆದುಕೊಂಡಿದ್ದ ಸೌತ್ ಮೆಲ್ಬರ್ನ್‌ನ ವೃದ್ಧ ಬೆಂಬಲಿಗರಿಗೂ ಸಿಡ್ನಿಯ ಹೊಸ ಬೆಂಬಲಿಗರಿಗೂ ಅದು ಒಂದೇ ಗೆಲುವಾಯಿತು. ಮೂಲನಿವಾಸಿ ಸಮುದಾಯದ ಗುಡ್ಸ್ 2013ರಲ್ಲಿ ಎಂಸಿಜಿಯಲ್ಲಿ ತಮ್ಮತ್ತ ಬಂದ ಜನಾಂಗೀಯ ಬೈಗುಳವನ್ನು ಎತ್ತಿ ತೋರಿಸಿದರು. 2014ರಲ್ಲಿ ‘ವರ್ಷದ ಆಸ್ಟ್ರೇಲಿಯನ್’ ಗೌರವಕ್ಕೆ ಪಾತ್ರರಾದರು. ನಂತರ ಒಂದೊಂದು ಮೈದಾನದಲ್ಲೂ ಜನ ಅವರನ್ನು ಕೂಗಿ ಗೇಲಿ ಮಾಡತೊಡಗಿ, 2015ರಲ್ಲಿ ಅವರು ಬೀಳ್ಕೊಡುಗೆಯ ಸುತ್ತನ್ನೂ ಹಾಕದೆ ಆಟ ಬಿಟ್ಟರು. 2019ರಲ್ಲಿ ಎಎಫ್‌ಎಲ್ ಮತ್ತು ಎಲ್ಲ 18 ಕ್ಲಬ್ಬುಗಳು ಕ್ಷಮೆ ಕೇಳಿದವು. ಹಾಲ್ ಆಫ್ ಫೇಮ್ ಗೌರವವನ್ನು ಅವರು ನಿರಾಕರಿಸಿದರೆಂಬುದು 2021ರಲ್ಲಿ ಹೊರಬಂತು.

ಮೈದಾನದ ಹೊರಗಿನದನ್ನು ಲೆಕ್ಕಕ್ಕೆ ತರಬಾರದೆಂದು ಹಲವರು ವಾದಿಸುತ್ತಾರೆ. ‘ಆಟಗಾರ’ನನ್ನು ಅಳೆಯುವುದಾದರೆ ಆ ವಾದಕ್ಕೆ ತೂಕವಿದೆ. ‘ವ್ಯಕ್ತಿ’ಯನ್ನು ಅಳೆಯುವಾಗ ಅದು ನಿಲ್ಲುವುದಿಲ್ಲ. ಮೇಲಾಗಿ ಗುಡ್ಸ್ ಅವರಿಗೆ ಆದದ್ದು ಮೈದಾನದ ಒಳಗೇ, ಆಟ ನಡೆಯುತ್ತಿರುವಾಗಲೇ. ಸಿಡ್ನಿಯ ವರ್ಷದ ಶ್ರೇಷ್ಠ ಆಟಗಾರನ ಪದಕಕ್ಕೆ ಸ್ಕಿಲ್ಟನ್ ಅವರ ಹೆಸರಿದೆ. ಅದನ್ನು ಗುಡ್ಸ್ ಮೂರು ಬಾರಿ ಗೆದ್ದಿದ್ದಾರೆ. ಆ ಕ್ಲಬ್ಬಿಗೆ ಒಂದೇ ಹೆಸರು ಹೇಳಬೇಕಾದರೆ ನಾನು ಗುಡ್ಸ್ ಎನ್ನುತ್ತೇನೆ, ಏಕೆಂದರೆ ಎರಡು ಊರುಗಳ ಎರಡು ಇತಿಹಾಸಗಳು ಅವರಲ್ಲಿ ಬಂದು ಕೂಡಿಕೊಳ್ಳುತ್ತವೆ.

ಎಎಫ್‌ಎಲ್‌ನ ದಾಖಲೆ ಪುಸ್ತಕಕ್ಕೆ ಒಗ್ಗದ ಇತಿಹಾಸಗಳೂ ಇವೆ. 1870ರಲ್ಲಿ ಹುಟ್ಟಿದ ಪೋರ್ಟ್ ಅಡಿಲೇಡ್ 1997ರಲ್ಲಿ ಲೀಗಿಗೆ ಸೇರಿತು. ಅದಕ್ಕೂ ಮೊದಲು ದಕ್ಷಿಣ ಆಸ್ಟ್ರೇಲಿಯಾದ ಲೀಗಿನಲ್ಲಿ ಅದು ಮೂವತ್ತಕ್ಕೂ ಹೆಚ್ಚು ಪ್ರೀಮಿಯರ್‌ಶಿಪ್ ಗೆದ್ದಿತ್ತು. ಅಲ್ಲಿನ ಅತ್ಯುನ್ನತ ಮಗಾರಿ ಪದಕವನ್ನು ನಾಲ್ಕು ಬಾರಿ ಗೆದ್ದ ರಸೆಲ್ ಎಬರ್ಟ್ ವಿಎಫ್‌ಎಲ್‌ನಲ್ಲಿ ಆಡಿದ್ದು 1979ರ ಒಂದೇ ಋತು. ಎಎಫ್‌ಎಲ್ ಅಂಕಿಅಂಶಗಳನ್ನು ಮಾತ್ರ ನೋಡುವವರಿಗೆ ಅವರು ಕಾಣಿಸುವುದೇ ಇಲ್ಲ. ಪೋರ್ಟ್ ಬೆಂಬಲಿಗರ ಮುಂದೆ ಅವರ ಹೆಸರು ಬಿಟ್ಟು ಮಾತಾಡಿದರೆ ಚರ್ಚೆ ಅಲ್ಲಿಗೇ ಮುಗಿಯುತ್ತದೆ, ಮುಗಿಯಬೇಕು ಕೂಡ.

ಈ ಎಲ್ಲ ವಾದಗಳಿಗೆ ಈಗ ಹೊಸ ತಿರುವು ಕೊಟ್ಟಿರುವುದು ಟಾಸ್ಮೇನಿಯಾ. ದಶಕಗಳ ಬೇಡಿಕೆಯ ನಂತರ 2023ರಲ್ಲಿ ಆ ದ್ವೀಪರಾಜ್ಯಕ್ಕೆ 19ನೆಯ ಕ್ಲಬ್ಬಿನ ಪರವಾನಗಿ ಸಿಕ್ಕಿತು. 2028ರಲ್ಲಿ ಲೀಗಿಗೆ ಸೇರುವ ಯೋಜನೆ. ಕ್ಲಬ್ಬಿಗೆ ಹಿಂದಿನ ದಾಖಲೆಯೇ ಇಲ್ಲ. ಆದರೆ ಹಾಥಾರ್ನ್‌ಗೆ 129 ಪಂದ್ಯಗಳಲ್ಲಿ 727 ಗೋಲು ಹೊಡೆದ ಪೀಟರ್ ಹಡ್ಸನ್, ರಿಚ್ಮಂಡ್‌ನ ರಾಯ್ಸ್ ಹಾರ್ಟ್, ಮೂರು ಬ್ರೌನ್‌ಲೋ ಗೆದ್ದ ಇಯನ್ ಸ್ಟೀವರ್ಟ್, ಸೇಂಟ್ ಕಿಲ್ಡಾಗೆ 1966ರಲ್ಲಿ ಒಂದೇ ಅಂಕದಿಂದ ಅದರ ಏಕೈಕ ಪ್ರೀಮಿಯರ್‌ಶಿಪ್ ಗೆದ್ದುಕೊಟ್ಟ ನಾಯಕ ಡ್ಯಾರೆಲ್ ಬಾಲ್ಡಾಕ್, ಈ ನಾಲ್ವರೂ ಟಾಸ್ಮೇನಿಯಾದವರು. ತಮ್ಮ ನೆಲದಲ್ಲಿ ಕ್ಲಬ್ ಇಲ್ಲದ ಕಾರಣಕ್ಕೆ ಸಮುದ್ರ ದಾಟಿ ಹೋಗಿ ಪರರ ಇತಿಹಾಸ ಬರೆದವರು.

ನನ್ನ ಪರೀಕ್ಷೆ ಇಲ್ಲಿ ತಡವರಿಸುತ್ತದೆ. ಇನ್ನೂ ಆಡದ ಕ್ಲಬ್ಬಿನಿಂದ ಯಾರನ್ನು ತೆಗೆದು ನೋಡುವುದು? ಸೇಂಟ್ ಕಿಲ್ಡಾದಿಂದ ಬಾಲ್ಡಾಕ್ ಅವರನ್ನು ತೆಗೆದರೆ ಆ ಕ್ಲಬ್ಬಿನ ಕೈ ಬರಿದಾಗುತ್ತದೆ, ಹಾಗಾಗಿ ಅವರನ್ನು ಅಲ್ಲಿಂದ ಕಿತ್ತು ಹೊಸ ಕ್ಲಬ್ಬಿಗೆ ಕೊಡುವ ಮಾತೇ ಇಲ್ಲ. ಆದರೂ ಬಾಲ್ಡಾಕ್ ಆ ಗೆಲುವಿನ ಎರಡು ವರ್ಷಗಳ ನಂತರ ಊರಿಗೆ ಮರಳಿ, ಲಾಟ್ರೋಬ್ ಎಂಬ ಪುಟ್ಟ ಪಟ್ಟಣದ ತಂಡಕ್ಕೆ 1969ರಿಂದ 1972ರವರೆಗೆ ಸತತ ನಾಲ್ಕು ಪ್ರೀಮಿಯರ್‌ಶಿಪ್ ಗೆದ್ದುಕೊಟ್ಟರು. ಆಮೇಲೆ ಟಾಸ್ಮೇನಿಯಾದ ಶಾಸನಸಭೆಯಲ್ಲಿ ಹದಿನೈದು ವರ್ಷ ಕೂತರು. ಹೊಸ ಕ್ಲಬ್ ತನ್ನ ಮೊದಲ ಪಂದ್ಯಕ್ಕೆ ಇಳಿಯುವ ದಿನ ಲಾಟ್ರೋಬ್‌ನಿಂದ ಬರುವ ಬೆಂಬಲಿಗರು ಯಾರ ಹೆಸರು ಹೇಳುತ್ತಾರೆಂಬುದರ ಬಗ್ಗೆ ನನಗೆ ಅನುಮಾನವಿಲ್ಲ.